ಎರಡು ಕಿಲೋ ಆರುನೂರ ಐವತ್ತು ಗ್ರಾಂ ಕವಳಿ ಹಣ್ಣು

ಹಚ್ಚೊಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದೇ ಒಂದು ಕವಳಿ ಗಿಡ ಇದೆ. ಬಚ್ಚಲ ನೀರು ಹರಿದುಹೋಗುವ ಕಡೆ, ಗೋಡೆಗೆ ಒತ್ತಿಕೊಂಡು ನಿಂತಿದೆ. ಆಡುಗಳು ಒಳಗೆ ನುಗ್ಗದಿರಲಿ ಎಂದು ದಾದಿ ಅದನ್ನು ಅಲ್ಲಿ ನೆಟ್ಟರಂತೆ. ಆ ಕೆಲಸವನ್ನು ಗಿಡ ಇವತ್ತಿಗೂ ಸರಿಯಾಗಿ ಮಾಡುತ್ತಿದೆ. ಕವಲೊಡೆದ ಗಟ್ಟಿ ಮುಳ್ಳು, ಎಲೆ ಮುರಿದರೆ ಹಾಲು, ಬೇಸಿಗೆ ಶುರುವಾಗುವ ಹೊತ್ತಿಗೆ ಮಲ್ಲಿಗೆಯ ಹಾಗೆ ಘಮ ಘಮ ಬಿಳಿ ಹೂವು. ಹಣ್ಣು ಮಾತ್ರ ಸ್ವಲ್ಪವೇ. ಎಲ್ಲ ಸೇರಿಸಿದರೆ ಎರಡೂವರೆ ಕಿಲೋದ ಆಸುಪಾಸು. ಮಾರೋಣವೆಂದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಬಿಡೋಣವೆಂದರೆ ಮನಸ್ಸು ಬರುವುದಿಲ್ಲ.

ಈ ವರ್ಷ ಆ ಎರಡೂವರೆ ಕಿಲೋ ಹಣ್ಣಿನ ಮೇಲೆ ನಮ್ಮ ಮನೆಯಲ್ಲಿ ನಡೆದಷ್ಟು ಮಾತು ಅಬ್ಬಾನ ಭತ್ತದ ಮೇಲೂ ನಡೆದಿಲ್ಲ. ನಮ್ಮ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡದ ಮ್ಯಾಡಮ್ ಕೇಳಿದಾಗ ನನಗೆ ನೆನಪಾದದ್ದು ಇದೇ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲಿ ನಾವು ಆಡುವುದು ಉರ್ದು, ಅಲ್ಲಿ ಅದು ಕರೌಂದಾ. ಓಣಿಯಲ್ಲಿ ಕವಳಿ ಹಣ್ಣು. ಪಕ್ಕದ ಮನೆಯ ದೊಡ್ಡವ್ವನ ತವರು ಆಂಧ್ರದ ಕಡೆ, ಅವರ ಬಾಯಲ್ಲಿ ಅದು ವಾಕ್ಕಾಯಿ. ದಾದಿ ಗಿಡ ತಂದದ್ದೂ ಆದೋನಿಯ ತವರುಮನೆಯಿಂದ. 'ನಾನು ಹುಟ್ಟಿದಾಗ ಆದೋನಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ನಾನೇನು ಬೇರೆ ರಾಜ್ಯದಿಂದ ಬಂದವಳಲ್ಲ' ಎಂದು ದಾದಿ ಯಾವಾಗಲೂ ಹೇಳುತ್ತಾರೆ. ಅದು ನಿಜವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ನಮ್ಮ ಸಿರುಗುಪ್ಪ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ಗಿಡಕ್ಕೆ ಇದ್ಯಾವುದೂ ಗೊತ್ತಿಲ್ಲ, ಎರಡೂ ಕಡೆ ಒಂದೇ ಹುಳಿ.

ಜೀವಶಾಸ್ತ್ರದ ಹೆಸರು ಕ್ಯಾರಿಸ್ಸಾ ಕರಂಡಾಸ್. 1767ರಲ್ಲಿ ಲಿನೇಯಸ್ ಇಟ್ಟದ್ದು. ಕಣಗಿಲೆ, ನಿತ್ಯಪುಷ್ಪಗಳ ಕುಟುಂಬಕ್ಕೇ ಸೇರಿದ ಗಿಡ, ಆ ಬಿಳಿ ಹಾಲು ಅದರ ಗುರುತು. ಇಂಗ್ಲಿಷಿನಲ್ಲಿ ಇದಕ್ಕೆ ಬೆಂಗಾಲ್ ಕರಂಟ್ ಎಂದೂ ಒಂದು ಹೆಸರಿದೆ. ನಿಜವಾದ ರೆಡ್ ಕರಂಟ್ ಚಳಿ ದೇಶದ ಬೇರೆಯೇ ಗಿಡ, ದ್ರಾಕ್ಷಿಯ ಹಾಗೆ ಪುಟ್ಟ ಪುಟ್ಟ ಕೆಂಪು ಗೊಂಚಲು. ಇಲ್ಲಿಗೆ ಬಂದ ಇಂಗ್ಲಿಷರು ನಮ್ಮ ಕವಳಿಯ ಕೆಂಪು, ಹುಳಿ ನೋಡಿ ಊರಿನ ಹಣ್ಣನ್ನು ನೆನೆಸಿಕೊಂಡಿರಬೇಕು. ಅವರು ಕರಂಟಿನ ಜೆಲ್ಲಿ ಮಾಡಿ ಕುರಿ ಮಾಂಸದ ಜೊತೆ ತಿನ್ನುತ್ತಾರಂತೆ. ಇದನ್ನು ಅಮ್ಮಿಗೆ ಓದಿ ಹೇಳಿದೆ. 'ಅದರಲ್ಲೇನು ದೊಡ್ಡದು, ನಾನು ಗೋಶ್ತಿಗೆ ಕರೌಂದಾ ಹಾಕಲ್ವಾ?' ಎಂದಳು. ಹೌದು, ಹಾಕುತ್ತಾಳೆ. ಅದನ್ನು ಮುಂದೆ ಹೇಳುತ್ತೇನೆ.

ಈ ಸಲ ಜೂನ್ ಮೊದಲ ವಾರದಲ್ಲಿ ಆಪಾ ಮನೆಗೆ ಬಂದಳು. ಚೊಚ್ಚಲ ಹೆರಿಗೆ. ಏಳನೇ ತಿಂಗಳಲ್ಲಿ ಕರೆತರುವುದು ಪದ್ಧತಿ. ಅವಳಿಗೆ ತಲೆಸುತ್ತು ಜಾಸ್ತಿಯಾಗಿದ್ದರಿಂದ ಐದರಲ್ಲೇ ಕಳಿಸಿದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಂಬ ಮನೆಯಲ್ಲಿ 8.4 ಎಂದು ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಗರ್ಭಿಣಿಗೆ 11 ಇರಬೇಕು, 7ಕ್ಕಿಂತ ಕೆಳಗಿಳಿದರೆ ತೀರಾ ಅಪಾಯ ಎಂದು ನರ್ಸ್ ಹೇಳಿ, ಕೆಂಪು ಮಾತ್ರೆಯ ಪಟ್ಟಿಗಳನ್ನು ಕೊಟ್ಟರು. ದಿನಕ್ಕೆ ಎರಡು ನುಂಗಬೇಕು.

ಮನೆಗೆ ಬಂದು ಅಮ್ಮಿ ಅಳುತ್ತಾ ಕೂತಳು. ದಾದಿ ಅಳಲಿಲ್ಲ. ಹಿತ್ತಲ ಬಾಗಿಲ ಕಡೆ ಕೈ ತೋರಿಸಿ, 'ಕರೌಂದಾ ಬಿಟ್ಟಿದೆ. ಇಸ್ಸೆ ಖೂನ್ ಬಡ್ತಾ. ಈ ವರ್ಷ ಒಂದು ಹಣ್ಣೂ ಆಚೆ ಹೋಗಬಾರದು, ಎಲ್ಲ ಅವಳಿಗೆ' ಎಂದರು.

ಕಿತ್ತುಕೊಂಡು ಬರುವ ಕೆಲಸ ನನ್ನದಾಯಿತು.

ಕವಳಿ ಕೀಳುವುದಕ್ಕೆ ಒಂದು ರೀತಿ ಇದೆ. ಅಬ್ಬಾನ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕು. ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಹಾಲು ಅಂಟಿ ಎರಡು ದಿನ ಬಿಡುವುದಿಲ್ಲ. ಕೊಂಬೆಯನ್ನು ಕೋಲಿನಿಂದ ಎತ್ತಿ ಹಿಡಿದು ಕೆಳಗಿನಿಂದ ಕೈ ಹಾಕಬೇಕು, ಮೇಲಿನಿಂದ ಹಾಕಿದರೆ ಮುಳ್ಳು ಕಾದಿರುತ್ತದೆ. ಹಣ್ಣು ಒಮ್ಮೆಲೇ ಮಾಗುವುದಿಲ್ಲ. ಮೊದಲು ಹಸಿರು, ಆಮೇಲೆ ಒಂದು ಕೆನ್ನೆ ಮಾತ್ರ ಗುಲಾಬಿ, ಆಮೇಲೆ ಕೆಂಪು, ಕೊನೆಗೆ ನೇರಳೆಯ ಹಾಗೆ ಕಪ್ಪು. ಅದಕ್ಕೇ ಮೂರು ಸಲ ಕೀಳುತ್ತೇವೆ. ಈ ಸಲ ನಾನು ಪ್ರತಿಸಲವೂ ಮೂಲೆ ಅಂಗಡಿಗೆ ಒಯ್ದು ತೂಗಿಸಿದೆ. ಜೂನ್ ಕೊನೆಯಲ್ಲಿ ಗುಲಾಬಿ ಕಾಯಿ 900 ಗ್ರಾಂ, ಜುಲೈ ಎರಡನೇ ವಾರ ಕೆಂಪು 1 ಕಿಲೋ 100, ಜುಲೈ ಕೊನೆಗೆ ಕಪ್ಪು ಹಣ್ಣು 650. ಗಿಡದ ಕೆಳಗೆ ನಿಂತು ತಮ್ಮ ತಿಂದದ್ದು ಲೆಕ್ಕಕ್ಕಿಲ್ಲ.

ಮೊದಲ 900 ಗ್ರಾಂ ಬಂದ ದಿನವೇ ದಾದಿಯ ಆಜ್ಞೆ ಮುರಿಯಿತು. ಪಕ್ಕದ ಮನೆಯ ದೊಡ್ಡವ್ವ ಗೋಡೆಯ ಮೇಲಿಂದ ನೋಡಿ, 'ಯವ್ವಾ, ನಂಗೊಂದು ಬೊಗಸಿ ಕೊಡು, ಪಪ್ಪು ಮಾಡಿ ನಿಮ್ಮಕ್ಕಗೂ ಕೊಡ್ತೀನಿ' ಅಂದರು. ಬಸುರಿಗೆ ಕೊಡುತ್ತೇನೆ ಎಂದ ಮೇಲೆ ದಾದಿಯೂ ಇಲ್ಲ ಅನ್ನುವ ಹಾಗಿಲ್ಲ. ಕಾಲು ಕಿಲೋ ಹೋಯಿತು. ಸಂಜೆ ಬಂದ ಪಪ್ಪಿಗೆ ನಾವೆಲ್ಲ ಎರಡು ಸಲ ಅನ್ನ ಹಾಕಿಸಿಕೊಂಡೆವು. ಮಾಡುವುದು ಕಷ್ಟವಿಲ್ಲ. ಕಾಯಿಯನ್ನು ಸೀಳಿ ಬೀಜ ತೆಗೆದು, ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಾಲು ತೊಳೆಯಬೇಕು. ತೊಗರಿಬೇಳೆಯನ್ನು ಬೇರೆಯಾಗಿ ಬೇಯಿಸಬೇಕು. ಕಾಯಿಯನ್ನು ಹಸಿಮೆಣಸಿನಕಾಯಿ, ಅರಿಶಿನದ ಜೊತೆ ಇನ್ನೊಂದು ಪಾತ್ರೆಯಲ್ಲಿ ಮೆತ್ತಗಾಗಿಸಿ ಆಮೇಲೆ ಕೂಡಿಸಬೇಕು. ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಎರಡನ್ನೂ ಒಟ್ಟಿಗೇ ಕುಕ್ಕರಿಗೆ ಹಾಕಿದರೆ ಹುಳಿಗೆ ಬೇಳೆ ಬೇಯುವುದೇ ಇಲ್ಲ, ಕಾಳು ಕಾಳಾಗಿ ಉಳಿಯುತ್ತದೆ. ಇದು ದೊಡ್ಡವ್ವ ಹೇಳಿಕೊಟ್ಟದ್ದು, ಯಾವ ಪುಸ್ತಕದಲ್ಲೂ ಓದಿದ್ದಲ್ಲ.

ಅರ್ಧ ಕಿಲೋ ದಾದಿಯ ಉಪ್ಪಿನಕಾಯಿಗೆ. ಅದು ಆಪಾಳ ಬಾಯಿರುಚಿಗೆ ಎಂದು ಅವರೇ ಒಪ್ಪಿಗೆ ಕೊಟ್ಟುಕೊಂಡರು. ಅರ್ಧ ಕಿಲೋಕ್ಕೆ ನೂರು ಗ್ರಾಂ ಉಪ್ಪು, ಹಿಡಿ ತುಂಬ ಬೆಳ್ಳುಳ್ಳಿ, ಖಾರದಪುಡಿ, ಹುರಿದು ಪುಡಿ ಮಾಡಿದ ಸಾಸಿವೆ, ಮೆಂತ್ಯ, ಕಾಯಿಸಿ ಆರಿಸಿದ ಎಣ್ಣೆ. ಮೂರು ದಿನ ಬಿಸಿಲಲ್ಲಿ ಇಡಬೇಕು. ಜೂನ್ ಕೊನೆಯ ಮೋಡದಲ್ಲಿ ಮೂರು ದಿನದ ಬಿಸಿಲು ಸಿಗಲು ಒಂಬತ್ತು ದಿನ ಹಿಡಿಯಿತು. ಪಿಂಗಾಣಿ ಜಾಡಿಯನ್ನು ಒಳಗೆ ಹೊರಗೆ ಒಯ್ಯುವುದೇ ತಮ್ಮನ ಕೆಲಸವಾಗಿತ್ತು. ಜಾಡಿಗೆ ಒದ್ದೆ ಚಮಚ ಹಾಕಿದವರಿಗೆ ಆ ದಿನ ಊಟ ಇಲ್ಲ ಎಂಬ ದಾದಿಯ ಕಾನೂನು ಇನ್ನೂ ಜಾರಿಯಲ್ಲಿದೆ.

ಉಳಿದ 150 ಗ್ರಾಂ ಭಾನುವಾರದ ಗೋಶ್ತಿಗೆ. ನಮ್ಮ ಕಡೆ ಪುಂಡಿ ಸೊಪ್ಪು ಹಾಕಿ ಮಾಂಸ ಮಾಡುತ್ತಾರಲ್ಲ, ಅದೇ ಲೆಕ್ಕ. ಸೊಪ್ಪಿನ ಬದಲು ಕವಳಿ. ಮಾಂಸ ಮುಕ್ಕಾಲು ಬೆಂದ ಮೇಲೆ ಹಾಕಬೇಕು. ಹುಣಸೆ, ಟೊಮ್ಯಾಟೊ ಏನೂ ಬೇಡ. ಆಪಾ ಆ ದಿನ ಹೊಟ್ಟೆ ತುಂಬ ಉಂಡಳು. ಎಷ್ಟೋ ವಾರಗಳ ನಂತರ ಉಂಡದ್ದು ಅದೇ ಮೊದಲು ಎಂದು ಅಮ್ಮಿ ಆಮೇಲೆ ನನಗೆ ಹೇಳಿದಳು.

ಎರಡನೇ ಕೊಯ್ಲು, ಕೆಂಪು ಹಣ್ಣು, ನನ್ನ ಪಾಲಿನ ಅವಮಾನದ ಕಥೆ.

ಅರ್ಧ ಕಿಲೋ ನನಗೆ ಕೊಡಿ, ಜೆಲ್ಲಿ ಮಾಡುತ್ತೇನೆ ಎಂದು ನಾನೇ ಹಟ ಮಾಡಿದೆ. ಫೋನಿನಲ್ಲಿ ನೋಡಿಕೊಂಡಿದ್ದೆ. ಹಣ್ಣು ಮುಳುಗುವಷ್ಟು ನೀರು ಹಾಕಿ ಬೇಯಿಸಿ, ಹಿಸುಕಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ರಸ ಇಳಿಸಿ, ರಸದಷ್ಟೇ ಸಕ್ಕರೆ ಹಾಕಿ ಕುದಿಸುವುದು. ಮನೆಯಲ್ಲಿದ್ದ ದೊಡ್ಡ ಜರ್ಮನ್ ಪಾತ್ರೆಯಲ್ಲಿ ಒಲೆಗೆ ಇಟ್ಟೆ. ಕುದಿಯಿತು, ಕುದಿಯಿತು, ಗಟ್ಟಿಯಾಗಲಿಲ್ಲ. ಇನ್ನೂ ಕುದಿಸಿದೆ. ಪಾತ್ರೆಯಲ್ಲೇ ಜೆಲ್ಲಿಯಷ್ಟು ಗಟ್ಟಿಯಾದ ಮೇಲೆ ಇಳಿಸಿ ಬಾಟಲಿಗೆ ಸುರಿದೆ. ಬೆಳಿಗ್ಗೆ ನೋಡಿದರೆ ಇಟ್ಟಿಗೆ. ಚಮಚ ಬಾಗಿತು, ಜೆಲ್ಲಿ ಅಲ್ಲಾಡಲಿಲ್ಲ. ಬಣ್ಣವೂ ಕೆಂಪು ಹೋಗಿ ಮಸಿಯ ಹಾಗೆ, ರುಚಿಯಲ್ಲಿ ಏನೋ ಲೋಹದ ಒಗರು. 'ಹುಳಿಯನ್ನು ಜರ್ಮನ್ ಪಾತ್ರೆಯಲ್ಲಿ ಯಾರಾದರೂ ಇಡ್ತಾರಾ?' ಎಂದು ಅಮ್ಮಿ ಬೈದಳು. ಆಮ್ಲ ಮತ್ತು ಅಲ್ಯೂಮಿನಿಯಂ ಬಗ್ಗೆ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನೇ.

ತಪ್ಪಾದದ್ದು ಎಲ್ಲಿ ಎಂದು ಆಮೇಲೆ ಕುಳಿತು ಓದಿದೆ. ಕವಳಿಯಲ್ಲಿ ಪೆಕ್ಟಿನ್ ತುಂಬ ಇದೆ, ಅದರಲ್ಲೂ ಪೂರ್ತಿ ಮಾಗದ ಹಣ್ಣಿನಲ್ಲಿ ಹೆಚ್ಚು. ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಸರಿಯಾಗಿ ಸೇರಿದರೆ ಜೆಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ಸಕ್ಕರೆ ಸುಮಾರು ಶೇಕಡಾ 65 ಆಗುವವರೆಗೆ ಕುದಿಸಿದರೆ ಸಾಕು. ಆದರೆ ಹೆಪ್ಪುಗಟ್ಟುವುದು ಒಲೆಯ ಮೇಲೆ ಅಲ್ಲ, ಆರಿದ ಮೇಲೆ. ತಣ್ಣಗಿನ ತಟ್ಟೆಗೆ ಒಂದು ಹನಿ ಬಿಟ್ಟು, ಬೆರಳಿನಿಂದ ತಳ್ಳಿದಾಗ ಮೇಲೆ ಸುಕ್ಕು ಬಂದರೆ ಇಳಿಸಬೇಕು. ಚಮಚದಿಂದ ಎರಡು ಹನಿ ಒಂದಾಗಿ ಹಾಳೆಯ ಹಾಗೆ ಬಿದ್ದರೂ ಆಯಿತು. ನಾನು ಅದಾದ ಮೇಲೂ ಅರ್ಧ ಗಂಟೆ ಕುದಿಸಿದ್ದೆ. ಮುಂದಿನ ವರ್ಷ ಸ್ಟೀಲ್ ಪಾತ್ರೆ, ಮತ್ತು ಕೈಯಲ್ಲಿ ತಣ್ಣನೆಯ ತಟ್ಟೆ.

ಇನ್ನರ್ಧ ಕಿಲೋ ಅಮ್ಮಿ ಮುರಬ್ಬಾ ಮಾಡಿದಳು. ಅದನ್ನು ನೋಡುತ್ತಾ ನನಗೆ ಆಸ್ಮಾಸಿಸ್ ಪಾಠ ಮತ್ತೊಮ್ಮೆ ಅರ್ಥವಾಯಿತು. ಸೀಳಿ ಬೀಜ ತೆಗೆದ ಹಣ್ಣನ್ನು ಒಂದು ಕುದಿ ಬರಿಸಿ, ಮೊದಲ ದಿನ ತೆಳ್ಳಗಿನ ಪಾಕಕ್ಕೆ ಹಾಕಿಟ್ಟಳು. ಮರುದಿನ ಹಣ್ಣು ತೆಗೆದು ಪಾಕಕ್ಕೆ ಸಕ್ಕರೆ ಸೇರಿಸಿ ಕುದಿಸಿ ಮತ್ತೆ ಹಾಕಿದಳು. ಹೀಗೆ ಐದು ದಿನ. ಒಂದೇ ದಿನ ಗಟ್ಟಿ ಪಾಕಕ್ಕೆ ಹಾಕಿದರೆ ಹಣ್ಣಿನೊಳಗಿನ ನೀರೆಲ್ಲ ಹೊರಗೆ ಬಂದು ಒಣದ್ರಾಕ್ಷಿಯ ಹಾಗೆ ಮುದುಡಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪ ಏರಿಸಿದರೆ ಸಕ್ಕರೆ ಒಳಗೆ ಹೋಗುತ್ತದೆ, ಹಣ್ಣು ದುಂಡಗೆ ಉಳಿಯುತ್ತದೆ. ಐದನೇ ದಿನ ಅದನ್ನು ಬಾಯಿಗೆ ಹಾಕಿಕೊಂಡ ತಮ್ಮ, 'ಇದು ಬೇಕರಿ ಚೆರ್ರಿ!' ಎಂದು ಕೂಗಿದ. ಅವನು ಹೇಳಿದ್ದು ತಮಾಷೆಗಲ್ಲ. ಬನ್ನಿನ ಮೇಲೆ, ಕೇಕಿನ ಮೇಲೆ, ಬೀಡಾದ ನೆತ್ತಿಯ ಮೇಲೆ ಚುಚ್ಚುವ ಆ ಕೆಂಪು ಚೆರ್ರಿ ಬಹಳ ಕಡೆ ಚೆರ್ರಿಯೇ ಅಲ್ಲ, ಬಣ್ಣ ಹಾಕಿ ಸಕ್ಕರೆಯಲ್ಲಿ ಇಟ್ಟ ಕವಳಿ. ಇಷ್ಟು ವರ್ಷ ದುಡ್ಡು ಕೊಟ್ಟು ತಿಂದದ್ದು ನಮ್ಮ ಹಿತ್ತಲಿನದೇ ಎಂದು ಗೊತ್ತಾಗಿ ಅವನಿಗೆ ಎರಡು ದಿನ ಸಿಟ್ಟು.

ಉಳಿದ ನೂರು ಗ್ರಾಂ ಹಿಂಡಿ ಸಣ್ಣ ಬಾಟಲಿಯಲ್ಲಿ ಕಾಲೇಜಿನ ಲ್ಯಾಬಿಗೆ ತಂದೆ. ನನ್ನ ಬೆಂಚಿನವರಿಗೆ ನೆನಪಿರಬಹುದು. ನಿಂಬೆರಸ ಬೆರೆಸಿದಾಗ ಇನ್ನೂ ಕೆಂಪಾಯಿತು, ಅಡುಗೆ ಸೋಡಾ ಹಾಕಿದಾಗ ನೀಲಿ ಹಸಿರು. ಆಂಥೋಸಯನಿನ್ ಎಂಬ ಬಣ್ಣದ ಗುಣ ಅದು. ಲಿಟ್ಮಸ್ ಕಾಗದ ಮುಗಿದುಹೋದ ದಿನ ಉಪಯೋಗಕ್ಕೆ ಬರುತ್ತದೆ.

ಅದೇ ವಾರ ನನಗೆ ಮಾತ್ರೆ ಸಿಕ್ಕವು.

ಆಪಾಳ ಟ್ರಂಕಿನಲ್ಲಿ ಸೂಜಿ ದಾರ ಹುಡುಕುತ್ತಿದ್ದೆ. ಸೀರೆಯ ಮಡಿಕೆಯೊಳಗೆ ಕೆಂಪು ಮಾತ್ರೆಯ ಪಟ್ಟಿಗಳು. ಒಂದರಲ್ಲಿ ನಾಲ್ಕು ಮಾತ್ರ ಖಾಲಿ, ಉಳಿದವು ಒಡೆಯದೆ ಹಾಗೇ ಇದ್ದವು. ಒಂದು ತಿಂಗಳಿಗೂ ಮೇಲಾಗಿತ್ತು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಕೇಳುವ ಮೊದಲೇ, 'ವಾಂತಿ ಬರುತ್ತೆ ಛೋಟಿ. ನುಂಗಿದರೆ ದಿನವೆಲ್ಲಾ ಹೊಟ್ಟೆ ತೊಳಸುತ್ತೆ. ಮಲ ಕಪ್ಪಗೆ ಹೋಗುತ್ತೆ, ನನಗೆ ಭಯ. ಕರೌಂದಾ ತಿನ್ನುತ್ತಾ ಇದ್ದೀನಲ್ಲ, ದಾದಿ ಹೇಳಿದಾರಲ್ಲ. ಅಮ್ಮಿಗೆ ಹೇಳಬೇಡ' ಎಂದಳು.

ನಾನು ಹೇಳಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ತೂಕ ಬರೆದಿಟ್ಟ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಕವಳಿಯಲ್ಲಿ ಕಬ್ಬಿಣ ಇದೆ ಎಂಬುದು ಸುಳ್ಳಲ್ಲ. ವಿಡಿಯೋಗಳಲ್ಲಿ ಹೇಳುವ ದೊಡ್ಡ ದೊಡ್ಡ ಅಂಕಿ ಮಾತ್ರ ಒಣಗಿಸಿದ ಹಣ್ಣಿನದು. ಹಸಿ ಹಣ್ಣಿನ ನೂರು ಗ್ರಾಂನಲ್ಲಿ ಎಂಬತ್ತಕ್ಕೂ ಹೆಚ್ಚು ಗ್ರಾಂ ನೀರೇ ಇರುತ್ತದೆ. ಇರಲಿ, ಧಾರಾಳವಾಗಿ ನೂರು ಗ್ರಾಂಗೆ 5 ಮಿಲಿಗ್ರಾಂ ಕಬ್ಬಿಣ ಎಂದೇ ಹಿಡಿದೆ. ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ. ದಿನಕ್ಕೆ ಎರಡು ಎಂದರೆ 120. ಅಷ್ಟು ಕಬ್ಬಿಣ ಹಣ್ಣಿನಿಂದ ಬರಬೇಕಾದರೆ ಆಪಾ ದಿನಕ್ಕೆ 2 ಕಿಲೋ 400 ಗ್ರಾಂ ಕವಳಿ ತಿನ್ನಬೇಕು. ನಮ್ಮ ಗಿಡದ ಇಡೀ ವರ್ಷದ ಫಲ ಅವಳಿಗೆ ಒಂದು ದಿನಕ್ಕೆ, ಮಾರನೆಯ ದಿನದ ಬೆಳಗಿನ ನಾಷ್ಟಾಕ್ಕೆ. ಅಷ್ಟೇ. ಅದರಲ್ಲೂ ಪಪ್ಪು, ಉಪ್ಪಿನಕಾಯಿ, ನನ್ನ ಇಟ್ಟಿಗೆ ಎಲ್ಲ ಕಳೆಯಬೇಕು.

ಮರುದಿನ ಊಟದ ಬಿಡುವಿನಲ್ಲಿ ಜೀವಶಾಸ್ತ್ರದ ಮ್ಯಾಡಮ್ ಹತ್ತಿರ ಹೋದೆ. ಗೆಳತಿಯ ಅಕ್ಕ ಎಂದು ಸುಳ್ಳು ಹೇಳಿ ಶುರುಮಾಡಿದೆ, ಎರಡನೇ ವಾಕ್ಯಕ್ಕೇ ಅಳು ಬಂದು ಸಿಕ್ಕಿಬಿದ್ದೆ. ಮ್ಯಾಡಮ್ ಹಣ್ಣನ್ನು ತಮಾಷೆ ಮಾಡಲಿಲ್ಲ. 'ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತಾಳೆ?' ಎಂದು ಕೇಳಿದರು. ನಾನು ಯೋಚಿಸಿ ಹೇಳಿದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆ. ಮ್ಯಾಡಮ್ ತಲೆ ಹಿಡಿದುಕೊಂಡರು.

ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಕೆಲವರಿಗೆ ತೊಳಸುತ್ತದೆ. ಮಲ ಕಪ್ಪಾಗುವುದು ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ, ಅದಕ್ಕೆ ಹೆದರಬೇಕಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ಇಷ್ಟು ಹೇಳಿ ಮ್ಯಾಡಮ್ ಕೇಳಿದರು, 'ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುವುದು ಯಾವ ವಿಟಮಿನ್?' ವಿಟಮಿನ್ ಸಿ. ಹುಳಿ ಹಣ್ಣುಗಳಲ್ಲಿ ಇರುವುದು, ಕವಳಿಯಲ್ಲೂ ಇರುವುದು. ಅನ್ನ, ರೊಟ್ಟಿ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಫೆರಸ್ ರೂಪದಲ್ಲೇ. 'ಊಟದ ಜೊತೆ ಹುಳಿ ಇರಲಿ, ಮಾತ್ರೆ ಊಟದ ಮೇಲಿರಲಿ. ನಿಮ್ಮ ದಾದಿಯ ಹಣ್ಣಿಗೂ ಕೆಲಸ ಇದೆ, ಮಾತ್ರೆಗೂ ಕೆಲಸ ಇದೆ. ಒಂದರ ಕೆಲಸ ಇನ್ನೊಂದು ಮಾಡಲ್ಲ. ಆದರೆ ಮೊದಲು ಆಶಾ ಅಕ್ಕನಿಗೆ ಹೇಳು, ಇಷ್ಟು ದಿನ ತಪ್ಪಿದ್ದು ಅವರಿಗೆ ಗೊತ್ತಾಗಬೇಕು' ಎಂದರು.

ಅದೇ ಕಷ್ಟವಾಗಿದ್ದದ್ದು. ಸಂಜೆ ಬಸ್ಸಿನಲ್ಲಿ ಸಿರುಗುಪ್ಪದಿಂದ ಊರು ಮುಟ್ಟುವವರೆಗೆ ಹೇಗೆ ಹೇಳಲಿ ಎಂದೇ ಯೋಚನೆ. ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆದಿತ್ತು, ನಾನು ಯಾವುದನ್ನೂ ನೋಡಲಿಲ್ಲ. ಮನೆಗೆ ಹೋಗಿ ಆಪಾಳಿಗೇ ಮೊದಲು ಹೇಳಿದೆ, ನೋಟ್‌ಬುಕ್ ತೋರಿಸಿದೆ. 2 ಕಿಲೋ 400 ಗ್ರಾಂ ಎಂದು ಓದಿ ನಗಲು ಶುರುಮಾಡಿದಳು, ನಗುತ್ತಾ ನಗುತ್ತಾ ಅತ್ತಳು. ಆಮೇಲೆ ತಾನೇ ಎದ್ದು ಹೋಗಿ ಅಮ್ಮಿಯ ಮುಂದೆ ಪಟ್ಟಿಗಳನ್ನು ಇಟ್ಟಳು. ಅಮ್ಮಿ ಬೈಯಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು. ಆಶಾ ಅಕ್ಕ ಮರುದಿನ ಬೆಳಿಗ್ಗೆಯೇ ಬಂದರು. ನರ್ಸ್ ಹತ್ತಿರ ಫೋನಿನಲ್ಲಿ ಮಾತಾಡಿ, ಮಧ್ಯಾಹ್ನ ಊಟದ ಮೇಲೆ ಒಂದು, ರಾತ್ರಿ ಊಟದ ಮೇಲೆ ಒಂದು, ಕ್ಯಾಲ್ಸಿಯಂ ಬೆಳಿಗ್ಗೆ, ಊಟದ ಹತ್ತಿರ ಚಹಾ ಇಲ್ಲ ಎಂದು ಕಾರ್ಡಿನ ಹಿಂದೆ ಬರೆದುಕೊಟ್ಟರು.

ದಾದಿಗೆ ಮಾತ್ರ ಬೇಸರವಾಯಿತು. 'ನಮ್ಮ ಕಾಲದಲ್ಲಿ ಗೋಲಿ ಎಲ್ಲಿತ್ತು? ಕರೌಂದಾ ತಿಂದೇ ಐದು ಹೆತ್ತೆ' ಎಂದರು. ಹೆತ್ತದ್ದು ಐದು, ಉಳಿದದ್ದು ಮೂರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಾದಿಯೇ ಎದ್ದು ಹಿತ್ತಲಿಗೆ ಹೋಗಿ, ಗಿಡದ ಹತ್ತಿರ ನಿಂತು ನನ್ನನ್ನು ಕೂಗಿದರು. ಕಪ್ಪು ಹಣ್ಣು ಉದುರುತ್ತಿತ್ತು. 'ಕೀಳು. ಶರಬತ್ತು ಮಾಡೋಣ. ಗೋಲಿಗೆ ಏನೋ ಹುಳಿ ಬೇಕು ಅಂದೆಯಲ್ಲ' ಎಂದರು.

ಹೀಗೆ ಮೂರನೇ ಕೊಯ್ಲಿನ 650 ಗ್ರಾಂನಲ್ಲಿ 400 ಶರಬತ್ತಿಗೆ ಹೋಯಿತು. ಮಾಗಿದ ಹಣ್ಣಿನಲ್ಲಿ ಹಾಲು ಕಡಿಮೆ, ಸಿಹಿ ಹುಳಿ ಎರಡೂ ಇರುತ್ತದೆ. ದಾದಿ ಮಾಡುವ ರೀತಿ ಬೇರೆ. ಅವರು ಹಣ್ಣನ್ನು ಬೇಯಿಸುವುದಿಲ್ಲ. ಸಕ್ಕರೆ ಪಾಕ ಮಾಡಿ ಪೂರ್ತಿ ಆರಿಸಿ, ಹಿಸುಕಿ ಸೋಸಿದ ಹಸಿ ರಸವನ್ನು ಅದಕ್ಕೆ ಬೆರೆಸುತ್ತಾರೆ, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ. ಯಾಕೆ ಬೇಯಿಸಲ್ಲ ಎಂದು ಕೇಳಿದರೆ 'ಬಣ್ಣ ಕೆಡುತ್ತೆ' ಅನ್ನುತ್ತಾರೆ. ಬಿಸಿಗೆ ವಿಟಮಿನ್ ಸಿ ಕೂಡ ಕೆಡುತ್ತದೆ, ಅದನ್ನು ನಾನು ಅವರಿಗೆ ಹೇಳಿದೆ. 'ನೋಡು ಮತ್ತೆ' ಎಂದರು. ಹಸಿ ರಸದ್ದಾದ್ದರಿಂದ ಹೊರಗಿಟ್ಟರೆ ಹುದುಗು ಬರುತ್ತದೆ, ಫ್ರಿಜ್ಜಿನಲ್ಲೇ ಇಡಬೇಕು. ಒಂದು ಬಾಟಲಿ ಆಯಿತು. ಆಪಾಗೆ ಸಕ್ಕರೆ ಹೆಚ್ಚಾಗಬಾರದು ಎಂದು ಊಟದ ಹೊತ್ತಿಗೆ ಎರಡು ಚಮಚ ಮಾತ್ರ, ಒಂದು ಲೋಟ ನೀರಿಗೆ.

ಉಳಿದ ಕಾಲು ಕಿಲೋ ಹಣ್ಣನ್ನು ಯಾರೂ ಏನೂ ಮಾಡಲಿಲ್ಲ. ತೊಳೆದು ಉಪ್ಪು ಖಾರ ಹಚ್ಚಿ ಬಟ್ಟಲಲ್ಲಿಟ್ಟರೆ ಆಪಾ ಓದುತ್ತಾ ಕೂತ ನನ್ನ ಪಕ್ಕ ಕೂತು ಒಂದೊಂದೇ ತಿಂದಳು, ನಾನೂ ತಿಂದೆ. ನಿಜ ಹೇಳಬೇಕೆಂದರೆ ಕವಳಿಯ ಎಲ್ಲ ಉಪಯೋಗಗಳಲ್ಲಿ ನನಗೆ ಇದೇ ಇಷ್ಟ. ನಾಲಿಗೆ ನೇರಳೆಯಾಗಬೇಕು, ಹಲ್ಲು ಜುಮ್ಮೆನ್ನಬೇಕು.

ಸೆಪ್ಟೆಂಬರ್ ಮೊದಲ ವಾರ ಮತ್ತೆ ರಕ್ತ ನೋಡಿದರು. 9.7. ನರ್ಸ್ ಸುತ್ತು ಹಾಕಲಿಲ್ಲ, ಆದರೆ 11 ಆಗಿಲ್ಲ, ಬಿಡಬೇಡಿ ಎಂದರು. ಹೆರಿಗೆಗೆ ಅಕ್ಟೋಬರಿನಲ್ಲಿ ದಿನ ಕೊಟ್ಟಿದ್ದಾರೆ. ಮನೆಗೆ ಬಂದ ಕೂಡಲೇ ದಾದಿ ಕಾರ್ಡು ಕೇಳಿದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅಂಕಿ ಬರುತ್ತದೆ. 9.7 ಎಂಬುದನ್ನು ಬೆರಳಿಟ್ಟು ನೋಡಿ, 'ನಾನು ಹೇಳಲಿಲ್ವಾ, ಕರೌಂದಾ!' ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ದೊಡ್ಡವ್ವ ಗೋಡೆಯಾಚೆಯಿಂದ 'ನಮ್ಮ ಪಪ್ಪೂ ಐತಿ ಅದ್ರಾಗ' ಎಂದರು. ನಾನು ವಾದ ಮಾಡಲಿಲ್ಲ. ಯಾಕೆಂದರೆ ಈಗ ದಿನಾ ರಾತ್ರಿ ಆಪಾಳ ಊಟ ಮುಗಿಯುವುದನ್ನೇ ಕಾದು, ಮಾತ್ರೆ ಬಿಡಿಸಿ ಅವಳ ಅಂಗೈಗೆ ಹಾಕಿ, ನುಂಗುವವರೆಗೆ ಎದುರು ನಿಲ್ಲುವವರು ದಾದಿಯೇ.

ಬಾಟಲಿಯಲ್ಲಿ ಇನ್ನು ಎರಡು ಬೆರಳಿನಷ್ಟು ಶರಬತ್ತಿದೆ. ಅದು ಮುಗಿದರೆ ನಿಂಬೆಹಣ್ಣು ಇದೆ, ಹಿತ್ತಲಲ್ಲೇ ನುಗ್ಗೆಸೊಪ್ಪು ಇದೆ. ನನ್ನ ಇಟ್ಟಿಗೆಯನ್ನು ಅಮ್ಮಿ ಬಿಸಾಡಿದಳು.

ಶರಬತ್ತಿಗೆ ಹಿಸುಕಿದ ಹಣ್ಣಿನ ಬೀಜಗಳನ್ನು ನಾನು ತೊಳೆದು ಅದೇ ದಿನ ಹಾಲಿನ ಪ್ಯಾಕೆಟ್ಟುಗಳಲ್ಲಿ ಊರಿದ್ದೆ. ಕವಳಿ ಬೀಜವನ್ನು ಒಣಗಿಸಿ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ, ಹಸಿಯಾಗಿಯೇ ಊರಬೇಕು. ಇಪ್ಪತ್ತು ಊರಿದ್ದರಲ್ಲಿ ಎಂಟು ಮೊಳೆತಿವೆ. ಒಂದನ್ನು ದೊಡ್ಡವ್ವನಿಗೆ ಕೊಟ್ಟಿದ್ದೇನೆ, ಒಂದು ಆಪಾ ಗಂಡನ ಮನೆಗೆ ಹೋಗುವಾಗ ಒಯ್ಯುತ್ತಾಳಂತೆ. ಇನ್ನೆರಡನ್ನು ಪ್ರಾಂಶುಪಾಲರು ಒಪ್ಪಿದರೆ ಕಾಲೇಜಿನ ಹಿಂದಿನ ಗೋಡೆಯ ಹತ್ತಿರ ನೆಡುತ್ತೇನೆ. ಅಲ್ಲಿ ಆಡುಗಳು ಬರುತ್ತವೆ, ನೋಡಿದ್ದೇನೆ.